ಏಳನೇ ಬಾಗಿಲಲ್ಲಿ ಬಿದ್ದಿದ್ದ ಹುಲಿ

ಪ್ರತಿ ದಸರೆಗೆ ನನ್ನ ತಮ್ಮ ಮಲ್ಲು ಬೇಗಂ ಬಜಾರಿನಿಂದ ನಾಚಾರಂನ ನಮ್ಮ ಮನೆಗೆ ಬರುತ್ತಾನೆ, ಅಂಗಿಯ ಕಿಸೆಯಿಂದ ಬನ್ನಿ ಎಲೆ ತೆಗೆದು ನನ್ನ ಅಂಗೈಯಲ್ಲಿಡುತ್ತಾನೆ, ಬಗ್ಗಿ ಕಾಲು ಮುಟ್ಟುತ್ತಾನೆ. "ಬನ್ನಿ ತಗೊಂಡು ಬಂಗಾರದಂಗ ಇರೂಣು ಅಕ್ಕಾ" ಅನ್ನುತ್ತಾನೆ. ನಾನು ಅವನ ನೆತ್ತಿಯ ಮೇಲೆ ಕೈಯಿಟ್ಟು "ಬಂಗಾರದಂಗ ಇರಪಾ" ಅನ್ನುತ್ತೇನೆ. ಆ ಮಾತಿನ ಬೆನ್ನಿಗೇ ಬರಬೇಕಾಗಿದ್ದ ಇನ್ನೊಂದು ಮಾತು ಮಾತ್ರ ವರ್ಷ ವರ್ಷವೂ ಗಂಟಲ ತನಕ ಬಂದು, ಪಡಸಾಲೆಯಲ್ಲಿ ನೆಂಟರನ್ನು ಕಂಡ ಹೊಸ ಸೊಸೆಯ ಹಾಗೆ, ಸರಕ್ಕನೆ ಒಳಗೆ ಹೋಗಿಬಿಡುತ್ತಿತ್ತು.

ಅದೇನೆಂದು ಮೊದಲೇ ಹೇಳಿಬಿಡುತ್ತೇನೆ. ಒಳ್ಳೆಯವಳ ಹಾಗೆ ನಿಮ್ಮೆದುರು ಕೂತು ಕತೆ ಹೇಳಿ, ಕಡೆಗೆ ನಿಜ ಹೊರಬಿದ್ದರೆ ಅದು ಇನ್ನೊಂದು ಮೋಸವಾದೀತು. ಮಲ್ಲು ಹತ್ತನೆಯ ತರಗತಿಯಲ್ಲಿದ್ದಾಗ ಕಂಪ್ಯೂಟರಿನ ಆಟದ ಚಟಕ್ಕೆ ಬಿದ್ದು ಹಾಳಾದನೆಂದು ನಮ್ಮಪ್ಪ ಅವನನ್ನು ಸಾಲಿ ಬಿಡಿಸಿದ. ಆ ಆಟವನ್ನು ಅವನಿಗೆ ಕಲಿಸಿದವಳು ನಾನು. ಸಾಲಿಯ ಹೊತ್ತಿನಲ್ಲಿ ಅವನನ್ನು ಕರೆದು ಕೂರಿಸಿಕೊಂಡವಳೂ ನಾನೇ. ಯಾರು ಕಲಿಸಿದರೆಂದು ಅಪ್ಪ ಕೇಳಿದಾಗ ನಾನು ಅಲ್ಲೇ ಒಂದು ಮಾರು ದೂರದಲ್ಲಿ ನಿಂತಿದ್ದೆ. ಬಾಯಿ ಬಿಡಲಿಲ್ಲ.

ನಮ್ಮದು ಚಿಂಚೋಳಿಯ ಕಡೆಯ ಒಂದು ಹಳ್ಳಿ. ಅಪ್ಪ ಗೋಡೆ ಕಟ್ಟುವ ಗೌಂಡಿ ಕೆಲಸದವನು. ಗಡಿಯಾಚೆಯ ಈ ತೆಲುಗು ಶಹರದ ನಾಚಾರಂನಲ್ಲಿ ಕಾರ್ಖಾನೆಗಳ ಗೋಡೆ ಏಳುತ್ತಿದ್ದ ಕಾಲದಲ್ಲಿ ಕರಣೆ ಹಿಡಿದು ಬಂದವನು ಗೋಡೆಗಳ ಜೊತೆಗೇ ಇಲ್ಲಿ ನೆಲೆ ನಿಂತ. ಊರಲ್ಲಿ ಏಳನೆಯ ತರಗತಿಯವರೆಗೆ ಓದಿದ ನಾನು ಇಲ್ಲಿ ಸಾಲಿಯ ಮೆಟ್ಟಿಲು ಹತ್ತಲಿಲ್ಲ. ಇಪ್ಪತ್ತರ ಹೊತ್ತಿಗೆ ನಮ್ಮ ಗಲ್ಲಿಯ ತುದಿಯ ಒಂದು ಇಂಟರ್ನೆಟ್ ಸೆಂಟರಿನಲ್ಲಿ ಕೆಲಸ ಸಿಕ್ಕಿತು. ಬೆಳಿಗ್ಗೆ ಬಾಗಿಲು ತೆಗೆಯುವುದು, ಕಸ ಹೊಡೆಯುವುದು, ಬಂದವರಿಗೆ ಕುರ್ಚಿ ತೋರಿಸುವುದು. ಬೆಳಗಿನ ಹೊತ್ತು ಗಿರಾಕಿಗಳು ಕಡಿಮೆ. ಯಜಮಾನರು ಒಳ್ಳೆಯವರು, "ಸುಮ್ಮನೆ ಕೂತು ಏನು ಮಾಡ್ತೀಯಮ್ಮಾ, ಮೂಲೆಯ ಕಂಪ್ಯೂಟರಿನಲ್ಲಿ ಏನಾದರೂ ನೋಡು" ಎಂದರು. ಅವರು ಬಹುಶಃ ನಾನು ಟೈಪಿಂಗ್ ಕಲಿಯುತ್ತೇನೆಂದು ಎಣಿಸಿದ್ದರು. ನಾನು ಒಂದು ದೇಶದೊಳಗೆ ಇಳಿದುಬಿಟ್ಟೆ.

ಇಂಥ ಆಟ ಆಡದವರಿಗೆ ಹೇಗೆ ಹೇಳಲಿ? ನಮ್ಮ ಕಡೆಯ ಬಯಲಾಟ ನೋಡಿದ್ದೀರಲ್ಲ, ಹಾಗೆ ಅಂದುಕೊಳ್ಳಿ. ಆದರೆ ಇಲ್ಲಿ ಕೂತು ನೋಡುವವರು ಯಾರೂ ಇಲ್ಲ, ಇದ್ದವರೆಲ್ಲ ವೇಷ ಕಟ್ಟಿದವರೇ. ನೀವೊಂದು ಹೆಸರು, ಒಂದು ವೇಷ ತೊಟ್ಟು ಕಾಡು, ನದಿ, ಸಂತೆ, ಕೋಟೆಗಳಿರುವ ವಿಸ್ತಾರವಾದ ನಾಡಿನಲ್ಲಿ ಕಾಲಿಡುತ್ತೀರಿ. ದಾರಿಯಲ್ಲಿ ಎದುರಾಗುವ ಪ್ರತಿಯೊಬ್ಬನ ಹಿಂದೆಯೂ ಎಲ್ಲೋ ಯಾವುದೋ ದೇಶದಲ್ಲಿ ಕುರ್ಚಿಯ ಮೇಲೆ ಕೂತ ನಿಜವಾದ ಮನುಷ್ಯನಿರುತ್ತಾನೆ. ನನ್ನ ಹೆಸರು ಅಲ್ಲಿ ಬಂಗಾರಿ. ನಾನು ವೈದ್ಯೆ. ಗಾಯಗೊಂಡವರಿಗೆ ಜೀವ ತುಂಬುವುದು, ಸತ್ತು ಬಿದ್ದವರನ್ನು ಎಬ್ಬಿಸುವುದು ನನ್ನ ಕಸುಬು. ಕಸಬರಿಗೆ ಹಿಡಿದ ಹುಡುಗಿಯನ್ನು ಸೆಂಟರಿನಲ್ಲಿ ಯಾರೂ ತಿರುಗಿ ನೋಡುತ್ತಿರಲಿಲ್ಲ. ಆ ನಾಡಿನಲ್ಲಿ ಮಾತ್ರ, "ಬಂಗಾರಿ ಬಂದಳು, ಇನ್ನು ಹೆದರಬೇಡಿ" ಎಂದು ಕತ್ತಿ ಹಿಡಿದ ಗಂಡಸರು ಬರೆಯುತ್ತಿದ್ದರು. ನನಗೆ ಬರುವ ಇಂಗ್ಲಿಷೆಲ್ಲ ಅಲ್ಲಿಯದೇ. ಕತ್ತಿಗೆ, ಗುರಾಣಿಗೆ, ಮದ್ದಿಗೆ, ಪುನರ್ಜನ್ಮಕ್ಕೆ ನನ್ನಲ್ಲಿ ಇಂಗ್ಲಿಷ್ ಪದಗಳಿದ್ದವು, ಹುಣಸೆಹಣ್ಣಿಗೆ ಇರಲಿಲ್ಲ.

ಆದರೆ ವೈದ್ಯೆ ಒಬ್ಬಳೇ ದೂರ ಹೋಗಲಾರಳು. ಮುಂದೆ ನಿಂತು ಪೆಟ್ಟು ತಿನ್ನುವ ಗುರಾಣಿಯವನೊಬ್ಬ ಬೇಕು. ಆ ಆಟದ ಮೂಲ ನಿಯಮವೇ ಅದು: ಗುರಾಣಿಯವನು ಎಲ್ಲ ಏಟನ್ನೂ ತನ್ನ ಮೇಲೆ ಎಳೆದುಕೊಳ್ಳಬೇಕು, ವೈದ್ಯೆಗೆ ಒಂದು ಗೀರೂ ತಾಗಬಾರದು, ಅವನು ಬಿದ್ದರೆ ವೈದ್ಯೆ ಅವನನ್ನು ಎಬ್ಬಿಸಬೇಕು. ಬಿದ್ದವನು ತಾನಾಗಿ ಏಳುವಂತಿಲ್ಲ. ಆಟ ಬಿಟ್ಟು ಹೋದರೂ ಬಿದ್ದಲ್ಲೇ ಬಿದ್ದಿರುತ್ತಾನೆ, ತಿರುಗಿ ಬಂದಾಗ ಅಲ್ಲೇ ಇರುತ್ತಾನೆ. ಇನ್ನೊಬ್ಬರು ಬಂದು ಕೈ ಚಾಚುವವರೆಗೂ ನೆಲವೇ ಗತಿ.

ನಾನು ಗುರಾಣಿಯವನನ್ನು ಮನೆಯಲ್ಲೇ ಹುಡುಕಿಕೊಂಡೆ. ಮಲ್ಲುವಿಗೆ ಆಗ ಹದಿನೈದು. ಲೆಕ್ಕದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ತನಗೆ ತಾನೇ ಹುಲಿ ಎಂದು ಹೆಸರಿಟ್ಟುಕೊಂಡ. ಮೊದಲು ಸಾಲಿ ಬಿಟ್ಟ ಮೇಲೆ ಬರುತ್ತಿದ್ದ. ಆಮೇಲೆ ಬೆಳಗಿನ ಹೊತ್ತು ಸೆಂಟರು ಖಾಲಿ ಇರುವುದನ್ನು ಕಂಡ ನಾನೇ, "ಇವತ್ತೊಂದಿನ ಬಾರೋ, ಐದನೇ ಬಾಗಿಲು ದಾಟೂಣು" ಎಂದೆ. ಆ ಒಂದು ದಿನಕ್ಕೆ ಮರಿಗಳು ಹುಟ್ಟಿದವು. ಕೋಟೆಗೆ ಏಳು ಬಾಗಿಲು, ಏಳನೆಯದಕ್ಕೆ ಕಲ್ಲಿನ ಮೈಯ ದ್ವಾರಪಾಲಕ. ನಮ್ಮಿಬ್ಬರಿಗೂ ಆ ಏಳನೇ ಬಾಗಿಲ ಆಚೆಗೆ ಏನಿದೆ ಎಂಬುದನ್ನು ಬಿಟ್ಟರೆ ಲೋಕದಲ್ಲಿ ಬೇರೆ ಪ್ರಶ್ನೆಯೇ ಉಳಿಯಲಿಲ್ಲ.

ಅದು ಖಂಡೆ ಪೂಜೆಯ ದಿನ. ನಿಮಗೆ ಗೊತ್ತಿರಬೇಕು, ನಮ್ಮ ಕಡೆ ಮಹಾನವಮಿಗೆ ಅವರವರ ಕಸುಬಿನ ಹತಾರಗಳನ್ನು ತೊಳೆದು, ವಿಭೂತಿ ಕುಂಕುಮ ಹಚ್ಚಿ ಪೂಜೆ ಮಾಡುತ್ತೇವೆ. ಹಚ್ಚಿದ ಮೇಲೆ ಮಾರನೆಯ ದಿನ ಪೂಜೆ ಇಳಿಸುವವರೆಗೆ ಯಾರೂ ಅವನ್ನು ಮುಟ್ಟುವ ಹಾಗಿಲ್ಲ. ಸೆಂಟರಿನ ಹತಾರ ಅಂದರೆ ಕಂಪ್ಯೂಟರುಗಳು. ಮಧ್ಯಾಹ್ನದ ಪೂಜೆಗೆ ನಾನು ಎಲ್ಲ ಸಜ್ಜು ಮಾಡಿ, ತಟ್ಟೆಯಲ್ಲಿ ಕುಂಕುಮ ಕಲಸಿಟ್ಟು, ಅದಕ್ಕೂ ಮುಂಚೆ ಒಂದು ಕೈ ನೋಡೋಣವೆಂದು ಮಲ್ಲುವಿನ ಪಕ್ಕದ ಕಂಪ್ಯೂಟರಿನ ಮುಂದೆ ಕೂತೆ. ಏಳನೇ ಬಾಗಿಲಿಗೆ ಹೋದೆವು. ದ್ವಾರಪಾಲಕನ ಒಂದು ಗುದ್ದಿಗೆ ಹುಲಿ ಬಿದ್ದ.

"ಅಕ್ಕಾ, ಎಬ್ಬಸು! ಲಗು ಎಬ್ಬಸು!"

ನನ್ನ ಬೆರಳು ಎಬ್ಬಿಸುವ ಗುಂಡಿಯ ಮೇಲಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಅಪ್ಪ. ಕೈಯಲ್ಲಿ ತನ್ನ ಕರಣೆಯ ಪೂಜೆಗೆಂದು ಕೊಂಡ ಚೆಂಡುಹೂವು. ಹೂವಿನ ಅಂಗಡಿಯ ಮುಂದೆ ಸಾಲಿಯ ಮಾಸ್ತರರು ಸಿಕ್ಕು, "ನಿಮ್ಮ ಹುಡುಗ ಬೆಳಗಿನ ಪಾಠಕ್ಕೆ ಬರುತ್ತಲೇ ಇಲ್ಲ" ಎಂದಿದ್ದರಂತೆ. ಅವನ ಕಣ್ಣು ಮಲ್ಲುವಿನ ಮೇಲಿದ್ದಾಗಲೇ ನಾನು ಗಪ್ಪನೆ ಎದ್ದು ಕುಂಕುಮದ ತಟ್ಟೆ ಎತ್ತಿಕೊಂಡೆ.

"ಇದನ್ನ ನಿನಗ ಯಾರು ಕಲಿಸಿದ್ರಲೇ?" ಅಪ್ಪ ಮಲ್ಲುವಿನ ಹೆಗಲು ಹಿಡಿದು ಕೇಳಿದ. ಮಲ್ಲು ನನ್ನ ಕಡೆ ನೋಡಿದ. ನಾನು ತಲೆ ತಗ್ಗಿಸಿ ಕೀಲಿಮಣೆಗಳಿಗೆ ಕುಂಕುಮ ಹಚ್ಚತೊಡಗಿದೆ. ಒಂದಕ್ಕೆ ಹಚ್ಚಿದೆ, ಇನ್ನೊಂದಕ್ಕೆ ಹಚ್ಚಿದೆ, ನನ್ನದಕ್ಕೂ ಹಚ್ಚಿದೆ. ಯಾವ ಗುಂಡಿ ಒತ್ತಿದ್ದರೆ ಹುಲಿ ಏಳುತ್ತಿದ್ದನೋ ಅದರ ಮೇಲೇ ಬೊಟ್ಟಿಟ್ಟೆ. ಇನ್ನು ಮುಟ್ಟುವ ಹಾಗಿಲ್ಲವಲ್ಲ! ಶಾಸ್ತ್ರವನ್ನು ನಾನು ಆ ದಿನ ಬಾಗಿಲಿಗೆ ಅಗಳಿ ಹಾಕುವ ಹಾಗೆ ಬಳಸಿದೆ.

"ಯಾರೂ ಕಲಿಸಿಲ್ಲಪಾ," ಎಂದ ಮಲ್ಲು. "ನಾನ ಕಲ್ತೆ."

ಮಾರನೆಯ ದಿನ ಬನ್ನಿ ಮುಡಿದ ಮೇಲೆ ಅಪ್ಪ ಅವನನ್ನು ಬೇಗಂ ಬಜಾರಿನ ಸೋದರಮಾವನ ಪಾತ್ರೆ ಅಂಗಡಿಗೆ ಬಿಟ್ಟು ಬಂದ. ಹೋಗುವ ಮುಂಚೆ ಮಲ್ಲು ನನಗೆ ಬನ್ನಿ ಕೊಟ್ಟು ಕಾಲು ಮುಟ್ಟಿದ. ಅವನೂ ಆಟದೊಳಗೆ ಇಲ್ಲದೆ ಹುಲಿಯನ್ನು ಎಬ್ಬಿಸಲು ಬರುತ್ತಿರಲಿಲ್ಲ. ನಾನು ಆ ನಾಡಿಗೆ ಹೋಗುವುದನ್ನೇ ಬಿಟ್ಟೆ. ಕೆಲವು ವರ್ಷಗಳಲ್ಲಿ ಎಲ್ಲರ ಕೈಗೂ ಮೊಬೈಲು ಬಂದು ಸೆಂಟರೂ ಮುಚ್ಚಿತು.

ಮಲ್ಲು ಹಾಳಾಗಲಿಲ್ಲ, ಅದನ್ನೂ ಹೇಳಬೇಕು. ಹಂಡೆ ಕೊಪ್ಪರಿಗೆಗಳ ನಡುವೆ ಬೆಳೆದು ಈಗ ಅದೇ ಅಂಗಡಿಯ ಅರ್ಧ ಪಾಲುದಾರ. ಹಿಂದಿ, ತೆಲುಗು, ಮಾರವಾಡಿ ಎಲ್ಲವನ್ನೂ ಕನ್ನಡದ ಧಾಟಿಯಲ್ಲಿ ಮಾತಾಡಿ ಗಿರಾಕಿಗಳನ್ನು ನಗಿಸುತ್ತಾನೆ. ಆದರೆ ಅವನ ಮಕ್ಕಳ ಸಾಲಿಯಲ್ಲಿ ಸಭೆ ಇದ್ದಾಗ ಹೆಂಡತಿಯನ್ನೇ ಕಳಿಸುತ್ತಾನೆ. "ನನಗ ಅಲ್ಲಿ ಕುಂತ್ರ ಕಾಲು ನಡುಗ್ತಾವ" ಎಂದು ನಗುತ್ತಾನೆ. ಆ ನಗು ನನಗೆ ಸಲೀಸಾಗಿ ಇಳಿಯುವುದಿಲ್ಲ. ಅವ್ವ ಹೋದ ಮೇಲೆ ಅಪ್ಪ ನಮ್ಮ ಮನೆಯಲ್ಲೇ ಇದ್ದಾನೆ. ಅವನಿಗೆ ಪ್ರತಿ ದಸರೆಗೆ ಬಂದವರ ಮುಂದೆಲ್ಲ ಹೇಳಲು ಒಂದು ಕತೆಯಿತ್ತು: "ಇವ ನೋಡ್ರಿ, ಆಟಕ್ಕ ಬಿದ್ದು ಸಾಲಿ ಬಿಟ್ಟ. ಇಕಿ ನಮ್ಮ ನಾಗವ್ವ, ಇಡೀ ದಿನ ಕಂಪ್ಯೂಟರ್ ಮುಂದ ಇರ್ತಿದ್ಲು, ಒಂದಿನ ಆಟ ಮುಟ್ಟಿದಾಕಿ ಅಲ್ಲ." ಬಂದವರು ನನ್ನನ್ನು ಮೆಚ್ಚುಗೆಯಿಂದ ನೋಡುತ್ತಿದ್ದರು. ಮಲ್ಲು ಹೋಳಿಗೆ ಮುರಿಯುತ್ತಾ, "ಹೌದ್ರಿ, ಅಕ್ಕ ಅಂದ್ರ ದೇವ್ರು. ತುಪ್ಪ ಹಾಕು ದೇವ್ರ" ಅನ್ನುತ್ತಿದ್ದ. ನಾನು ತುಪ್ಪ ಹಾಕುತ್ತಿದ್ದೆ.

ನಾನೀಗ ಕೊಂಡಾಪುರದ ಒಂದು ಕಚೇರಿಯಲ್ಲಿ ಹೌಸ್‌ಕೀಪಿಂಗ್ ನೋಡಿಕೊಳ್ಳುತ್ತೇನೆ. ಹೋಗಿಬರುವ ದಾರಿ ಉದ್ದ. ಆ ದಾರಿಯಲ್ಲಿ ಫೋನಿನೊಳಗೆ ಹೊಸ ಆಟಗಳನ್ನು ಆಡತೊಡಗಿದೆ. ಒಂದು ಬಿಟ್ಟು ಒಂದು, ಬರುವುದನ್ನೆಲ್ಲ. ಹೊಸ ಆಟಗಳನ್ನು ಹಳಿಯಲು ಕೂತಿಲ್ಲ. ಅವು ಚೆಲುವಾಗಿವೆ, ಅಲ್ಲಿನ ನೀರು ನಿಜವಾದ ನೀರಿಗಿಂತ ಚೆನ್ನಾಗಿ ಹೊಳೆಯುತ್ತದೆ. ಆದರೆ ಅಲ್ಲಿ ನೀವು ನಡೆಯಬೇಕಾಗಿಲ್ಲ, ವೇಷವೇ ನಿಮ್ಮನ್ನು ಹೊತ್ತು ನಡೆಯುತ್ತದೆ. ದಾರಿ ಕೇಳಬೇಕಾಗಿಲ್ಲ, ನೆಲದ ಮೇಲೆ ಬಾಣದ ಗುರುತು ಮೂಡುತ್ತದೆ. ಸುಮ್ಮನೆ ಬಂದಿದ್ದಕ್ಕೇ ಪೆಟ್ಟಿಗೆ ತುಂಬ ಉಡುಗೊರೆ, ಬಾಣಬಿರುಸು. ಗೆದ್ದದ್ದು ಏನೆಂದು ತಿಳಿಯುವ ಮುಂಚೆ ಚಪ್ಪಾಳೆ. ಬಿದ್ದರೆ ಒಂದು ಗುಂಡಿ ಒತ್ತಿ ನೀವೇ ಏಳಬಹುದು. ಇದರಲ್ಲಿ ಏನು ತಪ್ಪು ಎಂದು ನೀವು ಕೇಳಬಹುದು. ತಪ್ಪೇನೂ ಇಲ್ಲ. ತಾನೇ ಎದ್ದವನು ಯಾರ ಮುಖವನ್ನೂ ನೋಡಬೇಕಾಗಿಲ್ಲ, ಅಷ್ಟೇ. ನಿಜ ಹೇಳಲೇ? ನನಗೆ ಅದೇ ಹಿತವಾಗಿತ್ತು. ಯಾರೂ ನನಗಾಗಿ ಕಾಯದ ನಾಡಿನಲ್ಲಿ ಯಾರನ್ನೂ ಬಿದ್ದಲ್ಲಿ ಬಿಟ್ಟು ಬರುವ ಭಯವಿರಲಿಲ್ಲ.

ಹೋದ ವರ್ಷ ದಸರೆಗೆ ಮುಂಚೆ ಬರುವ ಇಲ್ಲಿನ ಹೂವಿನ ಹಬ್ಬ ಬತುಕಮ್ಮಕ್ಕೆಂದು ಕಚೇರಿಯ ಹೆಣ್ಣುಮಕ್ಕಳು ಹೂವು ಜೋಡಿಸುತ್ತಿದ್ದ ದಿನಗಳಲ್ಲಿ, ಊಟದ ಕೋಣೆಯ ಮೇಜು ಒರೆಸುತ್ತಿದ್ದೆ. ಸ್ರವಂತಿ ಎಂಬ ಹುಡುಗಿ ಡಬ್ಬಿ ಬಿಚ್ಚಿಟ್ಟುಕೊಂಡು ಲ್ಯಾಪ್‌ಟಾಪಿನಲ್ಲಿ ಏನೋ ನೋಡುತ್ತಿದ್ದಳು. ಅದರಿಂದ ಒಂದು ಕೊಳಲಿನ ದನಿ ಬಂತು. ನನ್ನ ಕೈಯ ಬಟ್ಟೆ ಅಲ್ಲೇ ನಿಂತಿತು. ಆ ನಾಡಿನ ಮೊದಲ ಹಳ್ಳಿಗೆ ಕಾಲಿಟ್ಟಾಗ ಕೇಳುವ ಕೊಳಲು ಅದು.

"ಏಮೈಂದಿ ಅಕ್ಕಾ, ಏನಾಯ್ತು? ಈ ಗೇಮ್ ನಿಮಗೆ ಗೊತ್ತಾ?" ಎಂದಳು ಸ್ರವಂತಿ.

"ಬಾವಿಯ ಹಿಂದೆ ಒಬ್ಬ ಮುದುಕ ಇದ್ದಾನಾ ಇನ್ನೂ? ಮೀನು ಕೊಟ್ಟರೆ ಬುಟ್ಟಿ ಕೊಡುತ್ತಿದ್ದ," ಎಂದೆ ತೆಲುಗಿನಲ್ಲಿ.

ಅವಳು ಕುರ್ಚಿ ತಿರುಗಿಸಿ ನನ್ನನ್ನು ನೋಡಿದಳು. ಆಮೇಲೆ ಪಕ್ಕದ ಕುರ್ಚಿ ಎಳೆದಳು. ನಡುವೆ ಎಷ್ಟೋ ವರ್ಷ ಮುಚ್ಚಿದ್ದ ಆಟವಂತೆ. ಹೊಸದರಿಂದ ಮನಸ್ಸು ತುಂಬದ ಹಳಬರು ಕೇಳಿ ಕೇಳಿ ಕಾಡಿದ ಮೇಲೆ, ಇದ್ದದ್ದು ಇದ್ದ ಹಾಗೆ ಮತ್ತೆ ತೆರೆದಿದ್ದಾರಂತೆ. ಹಳೆಯ ವೇಷಗಳನ್ನೂ ಎತ್ತಿಟ್ಟಿದ್ದರಂತೆ. "ನಿಮ್ಮದೂ ಇರುತ್ತೆ ನೋಡಿ ಅಕ್ಕಾ. ಪಾಸ್‌ವರ್ಡ್ ನೆನಪಿದೆಯಾ?"

ನೆನಪಿರದೇ ಏನು. ಊರಿನ ಹೆಸರು, ಅದರ ಬೆನ್ನಿಗೆ ಊರಲ್ಲಿ ಬಿಟ್ಟು ಬಂದ ನಮ್ಮ ಎಮ್ಮೆಯ ಹೆಸರು. ಮಲ್ಲು ಇಟ್ಟಿದ್ದು. ಎಮ್ಮೆ ಸತ್ತು ಎಷ್ಟು ಕಾಲವಾಯಿತೋ, ಅದರ ಹೆಸರಿಗೆ ಬಾಗಿಲು ತೆರೆಯಿತು.

ಬಂಗಾರಿ ನಿಂತಿದ್ದಳು. ಎಲ್ಲಿ ಬಿಟ್ಟಿದ್ದೆನೋ ಅಲ್ಲೇ, ಏಳನೇ ಬಾಗಿಲ ಮುಂದೆ, ಕೈ ಅರ್ಧ ಎತ್ತಿಕೊಂಡು. ಅವಳ ಕಾಲ ಬುಡದಲ್ಲಿ ಗುರಾಣಿ ಎದೆಯ ಮೇಲೆ ಕವುಚಿಕೊಂಡು ಹುಲಿ ಬಿದ್ದಿದ್ದ. ಎಬ್ಬಿಸುವ ಗುಂಡಿ ಒತ್ತಿದೆ. 'ಇವರು ಈಗ ಇಲ್ಲಿ ಇಲ್ಲ' ಎಂದು ಒಂದು ಸಾಲು ಮೂಡಿತು. ಮತ್ತೆ ಒತ್ತಿದೆ. ಅದೇ ಸಾಲು. ಸ್ರವಂತಿ ತನ್ನ ಡಬ್ಬಿಯ ಪುಳಿಹೋರ ಅನ್ನವನ್ನು ನನ್ನ ಕಡೆ ಸರಿಸಿದಳು.

ಈಗಿನವರು ಯಾಕೆ ಹೊಸ ಆಟ ಬಿಟ್ಟು ಹಳೆಯದಕ್ಕೆ ಹೋಗುತ್ತಾರೆಂದು ನಾನು ಆ ದಿನ ಬಸ್ಸಿನಲ್ಲಿ ಕೂತು ಬಹಳ ಯೋಚಿಸಿದೆ. ಎಳೆತನದ ಹಂಬಲ ಅನ್ನುತ್ತಾರೆ, ಇರಬಹುದು. ಆದರೆ ಬರೀ ಹಂಬಲವಾಗಿದ್ದರೆ ಹೋಗಿ, ನೋಡಿ, ಕಣ್ಣೊರೆಸಿಕೊಂಡು ವಾಪಸು ಬರಬೇಕಿತ್ತು. ಅವರು ಹೋಗಿ ಅಲ್ಲಿ ಮತ್ತೆ ನಡೆಯುತ್ತಾರೆ, ಬೀಳುತ್ತಾರೆ, ಎಬ್ಬಿಸಿರೆಂದು ಕೂಗುತ್ತಾರೆ. ಅವ್ವ ಹೇಳುತ್ತಿದ್ದಳು: ಹಿಂದಿನ ಕಾಲದ ವೀರರು ಅಜ್ಞಾತವಾಸಕ್ಕೆ ಹೋಗುವಾಗ ತಮ್ಮ ಆಯುಧಗಳನ್ನು ಬನ್ನಿ ಮರದಲ್ಲಿ ಕಟ್ಟಿಟ್ಟು ಹೋದರು, ತಿರುಗಿ ಬಂದು ಅವನ್ನೇ ಇಳಿಸಿಕೊಂಡರು, ಅದಕ್ಕೇ ಆ ಎಲೆ ಬಂಗಾರ. ಅವರಿಗೆ ಹೊಸ ಆಯುಧ ಸಿಗುತ್ತಿರಲಿಲ್ಲವೇ? ಸಿಗುತ್ತಿತ್ತು. ಆದರೆ ಅರ್ಧಕ್ಕೆ ನಿಂತ ಕಾಳಗವನ್ನು ಹೊಸ ಆಯುಧದಿಂದ ಮುಗಿಸಲು ಆಗುವುದಿಲ್ಲ. ಹಿಡಿಯ ಮೇಲೆ ನಿಮ್ಮ ಅಂಗೈಯ ಸವಕಳಿ ಇರುವ, ನಿಮ್ಮ ಹೇಡಿತನವನ್ನೂ ಕಂಡಿರುವ ಆ ಹಳೆಯದೇ ಆಗಬೇಕು.

ಮಲ್ಲುವಿಗೆ ಫೋನು ಮಾಡಿದೆ. ಹಿಂದೆ ಹಂಡೆಗಳು ಗಣಗಣ ಅನ್ನುತ್ತಿದ್ದವು.

"ಮಲ್ಲೂ, ಆ ಆಟ ಮತ್ತ ತೆರದಾರ."

"ಯಾ ಆಟ? ಏ ಭಯ್ಯಾ, ಅದು ಪಿತ್ತಾಳಿ, ನಿಧಾನ ಇಡೋ! ಹಾಂ, ಯಾವ ಆಟ ಅಂದಿ?"

"ಏಳು ಬಾಗಿಲದ್ದು."

ಹಂಡೆಗಳ ಸದ್ದು ದೂರವಾಯಿತು. ಅವನು ಅಂಗಡಿಯಿಂದ ಹೊರಗೆ ಬಂದಿರಬೇಕು.

"ಅಕ್ಕಾ, ನಾ ಇನ್ನೂ ಅಲ್ಲೇ ಬಿದ್ದೀನೇನು?"

"ಹೂಂ."

"ಅಬ್ಬಬ್ಬಾ! ಕುಂಭಕರ್ಣಗೂ ಆರು ತಿಂಗಳಿಗೆ ಎಚ್ಚರ ಆಗ್ತಿತ್ತು. ಬೆನ್ನು ಹೋಗಿರತೈತಿ ಬಿಡು ನಂದು," ಎಂದು ಜೋರಾಗಿ ನಕ್ಕ. ನಕ್ಕು ಮುಗಿಸಿ ಬೇರೆಯದೇ ದನಿಯಲ್ಲಿ ಹೇಳಿದ: "ನಿನಗ ಒಂದು ಮಾತು ಹೇಳ್ಲಿ? ಆವತ್ತ ಅಪ್ಪ ಕೇಳಿದಾಗ ನನಗೇನ ಭಾಳ ಅಂಜಿಕಿ ಆಗಿರಲಿಲ್ಲ. ಗುರಾಣಿಯವ ಪೆಟ್ಟು ತಿನ್ನಬೇಕು, ವೈದ್ಯೆಗ ತಾಗಬಾರದು. ಆಕಿ ಉಳದ್ರ ಆಮ್ಯಾಲ ಹೆಂಗೂ ಎಬ್ಬಸ್ತಾಳ ಅಂತ ಗೊತ್ತಿತ್ತಲ್ಲ."

ಹದಿನೈದರ ಹುಡುಗ ಆಟದ ನಿಯಮವನ್ನು ಬಾಳಿನ ನಿಯಮವೆಂದು ನಂಬಿ ಪೆಟ್ಟು ತಿಂದಿದ್ದ. ತನ್ನ ಪಾಲಿನದನ್ನು ನೆಟ್ಟಗೆ ಮಾಡಿ ಮುಗಿಸಿ, ನನ್ನ ಪಾಲಿನದಕ್ಕೆ ಕಾದಿದ್ದ. ಪ್ರತಿ ದಸರೆಗೆ ಬನ್ನಿ ಕೊಟ್ಟು ಬಗ್ಗಿದಾಗಲೂ ಕಾದಿದ್ದನೇನೋ.

"ದಸರಾಕ ಬರ್ತೀನಿ. ಅಂಗಡಿ ಲ್ಯಾಪ್‌ಟಾಪ್ ತರ್ತೀನಿ. ಹೋಳಿಗಿ ಮಾತ್ರ ಕಡ್ಲಿಬ್ಯಾಳಿದ್ದು ಮಾಡು, ತೊಗರಿದು ಬ್ಯಾಡ," ಎಂದು ಫೋನಿಟ್ಟ.

ಖಂಡೆ ಪೂಜೆಗೆ ನನ್ನ ಮಗಳ ಲ್ಯಾಪ್‌ಟಾಪಿಗೂ, ಅಪ್ಪನ ಹಳೆಯ ಕರಣೆಗೂ ಒಟ್ಟಿಗೇ ಕುಂಕುಮ ಹಚ್ಚಿ ದೇವರ ಮುಂದಿಟ್ಟೆ. ಮಾರನೆಯ ದಿನ ಪೂಜೆ ಇಳಿಸಿ, ಒದ್ದೆ ಬಟ್ಟೆಯಿಂದ ಕೀಲಿಮಣೆಯ ಬೊಟ್ಟನ್ನು ಒರೆಸಿದೆ. ಊಟವಾದ ಮೇಲೆ ಮಲ್ಲುವೂ ನಾನೂ ಪಡಸಾಲೆಯ ಚಾಪೆಯ ಮೇಲೆ, ಗೋಡೆಗೆ ಬೆನ್ನು ಕೊಟ್ಟು ಅಕ್ಕಪಕ್ಕ ಕೂತೆವು. ಮಂಚದ ಮೇಲಿದ್ದ ಅಪ್ಪ ಕನ್ನಡಕ ಏರಿಸಿಕೊಂಡ.

"ಹಬ್ಬದ ದಿನಾನೂ ಅದ ಪಿಶಾಚಿ ತಗದಿ ಏನಲೇ? ಹಾಳಾಗಿದ್ದು ಸಾಲದೇನು? ಜೋಡಿಗೆ ಪಾಪ ಆಕಿನ್ನೂ ಕೂಡಿಸಿಕೊಂಡಿ."

"ಕುಂತು ನೋಡಪಾ," ಎಂದ ಮಲ್ಲು. "ಮ್ಯಾಚ್ ಅಂದ್ಕೊ."

ಗುಂಡಿ ಒತ್ತಿದೆ. ಬಂಗಾರಿಯ ಕೈಯಿಂದ ಬಿಳಿಯ ಬೆಳಕು ಇಳಿದು ನೆಲದ ಮೇಲೆ ಹರಿಯಿತು. ಹುಲಿ ಒಂದು ಮೊಣಕಾಲೂರಿದ, ಗುರಾಣಿ ನೆಲಕ್ಕೆ ಕೊಟ್ಟ, ಎದ್ದು ನಿಂತ. ಹದಿನೈದು ವರ್ಷದ ತಮ್ಮನಿಗೆ ಕೊಡಬೇಕಾಗಿದ್ದ ಬೆಳಕನ್ನು ಮೀಸೆಯಲ್ಲಿ ನರೆ ಇಣುಕಿದ ತಮ್ಮನಿಗೆ ಕೊಟ್ಟೆ. ಮಲ್ಲು ನನ್ನ ಕಡೆ ತಿರುಗದೆ ಮೊಣಕೈಯಿಂದ ನನ್ನನ್ನು ಮೆಲ್ಲಗೆ ತಿವಿದ.

ಮತ್ತೆ ದ್ವಾರಪಾಲಕ. ಮೊದಲ ಸಲ ಗುದ್ದಿದ, ಹುಲಿ ಬಿದ್ದ, ಎಬ್ಬಿಸಿದೆ. ಓಡಿ ಹಿಂದಕ್ಕೆ ಬಂದು, ಮರದ ನೆರಳಲ್ಲಿ ಕೂತು ನನ್ನ ಶಕ್ತಿ ತುಂಬುವವರೆಗೂ ಕಾದೆವು. ಹಳೆಯ ಆಟದ ಸೊಗಸು ಈ ಕಾಯುವುದರಲ್ಲಿದೆ ನೋಡಿ. ಸುಮ್ಮನೆ ಕೂತವರು ಮಾತಾಡಲೇಬೇಕು. ಸೆಂಟರಿನ ಯಜಮಾನರ ಕೆಮ್ಮು, ಮೂಲೆಯ ಫ್ಯಾನಿನ ಕಿರಗುಟ್ಟುವಿಕೆ, ಎಲ್ಲವನ್ನೂ ಮಲ್ಲು ನೆನೆಸಿ ನಕ್ಕ. ಅಷ್ಟರಲ್ಲಿ ದಾರಿಯಲ್ಲಿ ಹೋಗುತ್ತಿದ್ದ ಯಾರೋ ಒಬ್ಬ, ಓದಲು ಬಾರದ ಲಿಪಿಯ ಹೆಸರಿನವನು, ನಮ್ಮ ಮುಂದೆ ನಿಂತು ಬೆನ್ನಿನ ವೀಣೆ ತೆಗೆದು ನುಡಿಸಿದ. ನನ್ನ ಶಕ್ತಿ ತುಂಬಿ ಬಂತು. ತಲೆ ಬಾಗಿಸಿ ಹೊರಟುಹೋದ. ಯಾವ ದೇಶದವನೋ, ಅವನಿಗೂ ಎಲ್ಲೋ ಯಾರನ್ನೋ ಎಬ್ಬಿಸುವುದು ಬಾಕಿ ಇತ್ತೋ.

ಎರಡನೆಯ ಸಲ ಹೋದಾಗ ನನ್ನ ಬೆರಳುಗಳಿಗೆ ಎಲ್ಲ ನೆನಪಾಗಿತ್ತು. ಹುಲಿ ಪೆಟ್ಟು ತಿಂದ, ನಾನು ತುಂಬಿದೆ. ಅವನು ಕುಸಿದ, ನಾನು ಎತ್ತಿದೆ. "ಈಗ!" ಎಂದ, ಕೊಟ್ಟೆ. "ತಡಿ!" ಎಂದ, ತಡೆದೆ. "ಅಕ್ಕಾ, ಹಿಂದ ಸರಿ, ನಿನ್ನ ಮ್ಯಾಲ ಬರಾಕತ್ಯಾನ!" ಎಂದ, ನಾನು ಸರಿಯಲಿಲ್ಲ. ಹಿಂದೆ ಸರಿದದ್ದು ಸಾಕಾಗಿತ್ತು. ನನ್ನ ಮೇಲೂ ಒಂದು ಪೆಟ್ಟು ಬಿತ್ತು, ಬೀಳಲಿ. ಆ ಪೆಟ್ಟಿನ ಹೊತ್ತಿನಲ್ಲೇ ನನ್ನಲ್ಲಿದ್ದ ಕಡೆಯ ಜೀವವನ್ನೆಲ್ಲ ಹುಲಿಯ ಮೇಲೆ ಸುರಿದೆ. ಅವನು ಗುರಾಣಿ ಎತ್ತಿ ಒಂದೇ ಅಪ್ಪಳಿಕೆ ಕೊಟ್ಟ. ಕಲ್ಲಿನ ಮೈ ಬಿರಿಯಿತು, ಮೊಣಕಾಲಿನಿಂದ ತಲೆಯವರೆಗೆ ಬಿರಿದು ಪುಡಿಪುಡಿಯಾಗಿ ಉದುರಿತು. ಏಳನೇ ಬಾಗಿಲು ಕಿರ್ರೆಂದು ತೆರೆಯಿತು.

ಮಲ್ಲು ಹಾಕಿದ ಕೇಕೆಗೆ ನೀರಿನ ತೊಟ್ಟಿಯ ಮೇಲಿದ್ದ ಪಾರಿವಾಳಗಳು ಹಾರಿದವು. ನಾನು ಎದ್ದು ಕುಣಿದೆ. ನನ್ನ ವಯಸ್ಸಿನವರು ಮಾಡುವ ಕೆಲಸವಲ್ಲ, ಆದರೂ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಣಿದೆ. ಪಕ್ಕದ ಮನೆಯ ತೆಲುಗಿನಾಕೆ ಕಿಟಕಿಯಿಂದ, "ಮ್ಯಾಚ್ ಗೆಲಿಚಾಮಾ?" ಎಂದು ಕೂಗಿದಳು. "ಗೆದ್ದೆವು, ಗೆದ್ದೆವು!" ಎಂದು ಇಬ್ಬರೂ ಕೂಗಿದೆವು. ಬಾಗಿಲ ಆಚೆಗೆ ಏನಿತ್ತು ಎಂದು ಕೇಳುತ್ತೀರಾ? ಒಂದು ಬಯಲು. ಬಯಲ ತುಂಬ ಮೊಣಕಾಲೆತ್ತರದ ಹುಲ್ಲು, ಅದರ ಮೇಲೆ ಗಾಳಿ. ಇಷ್ಟೇ. ಇದಕ್ಕಿಂತ ಹೆಚ್ಚಿನದು ಇದ್ದಿದ್ದರೆ ನನಗೆ ಸಹಿಸಲು ಆಗುತ್ತಿರಲಿಲ್ಲ.

"ನಾಗವ್ವಾ." ಅಪ್ಪ ಮಂಚದಿಂದ ಕಾಲು ಇಳಿಬಿಟ್ಟು ಕೂತಿದ್ದ. "ಇವಗ ಬರತೈತಿ, ಸರಿ. ನಿನ್ನ ಬೆರಳು ಹಂಗ ಓಡ್ತಿದ್ವು, ಕಣ್ಣು ಕೆಳಗ ಹೋಗಲಿಲ್ಲ. ಕಸುಬಿನವರ ಕೈ ನನಗ ತಿಳಿಯಾಂಗಿಲ್ಲೇನು? ನೀ ಇದನ್ನ ಯಾವಾಗ ಕಲ್ತಿ?"

"ನಾನ ಕಲಿಸೀನಪಾ," ಎಂದ ಮಲ್ಲು ಥಟ್ಟನೆ. "ಮೊನ್ನಿ, ಫೋನಿನ್ಯಾಗ. ಭಾಳ ಸಲೀಸು ಐತಿ."

ಮತ್ತೆ ಗುರಾಣಿ ಎತ್ತಿದ ನೋಡಿ! ನರೆ ಬಂದರೂ ಅವನಿಗೆ ಆ ಒಂದು ನಿಯಮ ಮರೆತಿರಲಿಲ್ಲ. ನನಗೂ ನನ್ನದು ನೆನಪಾಯಿತು.

"ಸುಳ್ಳು ಹೇಳಾಕತ್ಯಾನಪಾ," ಎಂದೆ. "ಆಟ ಕಲ್ತಾಕಿ ನಾನು. ಇವಗ ಕಲಿಸಿದಾಕಿ ನಾನು. ಸಾಲಿ ತಪ್ಪಿಸಿ ಕರದಾಕೀನೂ ನಾನ. ಆವತ್ತ ನೀ ಕೇಳಿದಾಗ ನಾ ಕುಂಕುಮ ಹಚ್ಚಿಕೋತ ಸುಮ್ನ ನಿಂತೆ."

ಅಪ್ಪ ದೇವರ ಮುಂದಿನ ತನ್ನ ಕರಣೆಯ ಕಡೆ ನೋಡಿದ. "ಹಂಗಾರ ನಾ ಇಷ್ಟು ವರ್ಷ ಮಂದಿ ಮುಂದ ಗ್ವಾಡಿ ಡೊಂಕ ಕಟ್ಟಿಕೋತ ಬಂದ್ನೇನವಾ?" ಎಂದ. ಸಿಟ್ಟಿಗಿಂತ ದಣಿವೇ ಹೆಚ್ಚಿದ್ದ ದನಿ. ಮಲ್ಲುವಿನ ಕಡೆ ಕೈ ಚಾಚಿ, ಅವನ ಹೆಗಲನ್ನು ಹಿಡಿದುಕೊಂಡ. ಆ ದಿನ ಹಿಡಿದಿದ್ದ ಹೆಗಲೇ.

ಬನ್ನಿ ಕೊಡುವುದು ಸಂಜೆಗೆ. ಚಿಕ್ಕವರು ದೊಡ್ಡವರಿಗೆ ಕೊಡಬೇಕು, ಅದು ಪದ್ಧತಿ. ನಾನು ಸಂಜೆಗೆ ಕಾಯಲಿಲ್ಲ, ಪದ್ಧತಿಗೂ ಕಾಯಲಿಲ್ಲ. ದೇವರ ಮುಂದಿನ ಟೊಂಗೆಯಿಂದ ಎಲೆ ಕಿತ್ತು ಮಲ್ಲುವಿನ ಅಂಗೈಯಲ್ಲಿಟ್ಟು ಬಗ್ಗಲು ಹೋದೆ. "ಏ ಹುಚ್ಚಿ, ಏನ ಮಾಡಾಕತ್ತೀ, ನನಗ ಪಾಪ ಹತ್ತತೈತಿ!" ಎಂದು ಅವನು ನನ್ನ ಎರಡೂ ತೋಳು ಹಿಡಿದು ಎತ್ತಿದ. ಎಬ್ಬಿಸುವುದು ವೈದ್ಯೆಯ ಕೆಲಸ ಮಾತ್ರವಲ್ಲ ಎಂದು ಆಗ ತಿಳಿಯಿತು. ಅವನ ಕೈಯಲ್ಲಿ ನೆಟ್ಟಗೆ ನಿಂತು, ಅಪ್ಪನಿಗೂ, ಕಿಟಕಿಯಾಚೆಯ ಪಕ್ಕದ ಮನೆಯವರಿಗೂ ಕೇಳುವ ಹಾಗೆ, ಗಂಟಲಲ್ಲಿ ಮುಪ್ಪಾಗುತ್ತಿದ್ದ ಆ ಮಾತನ್ನು ಹೇಳಿದೆ:

"ಮಲ್ಲೂ, ನೀ ನನ್ನ ಸಲುವಾಗಿ ಬಿದ್ದಿ. ನಾ ನಿನ್ನ ಎಬ್ಬಸಲಿಲ್ಲ. ತಪ್ಪಾತು ತಮ್ಮಾ."